ಸುತ್ತಿ ಬರುವ ಫಲನಗಳಿಗೆ ಕ್ವಾಸಿ-ಇಂಟರ್‌ಪೊಲೇಶನ್: ಎರಡು ಕೋನದಿಂದ ನಾಲ್ಕು ಕೋನದವರೆಗೆ

ಪ್ರೋಟೀನ್ ಸರಪಳಿಯ ಹೆಚ್ಚುಕಡಿಮೆ ಪ್ರತಿ ಕೊಂಡಿಯಲ್ಲೂ ತಿರುಗಬಲ್ಲ ಎರಡು ಕೋನಗಳಿವೆ. ಒಂದರ ಹೆಸರು ಫೈ, ಇನ್ನೊಂದು ಸೈ. 1963ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಜಿ.ಎನ್. ರಾಮಚಂದ್ರನ್, ಸಿ. ರಾಮಕೃಷ್ಣನ್ ಮತ್ತು ವಿ. ಶಶಿಶೇಖರನ್ ಈ ಎರಡು ಕೋನಗಳನ್ನು ಎರಡು ಅಕ್ಷಗಳ ಮೇಲೆ ಇಟ್ಟು ಒಂದು ನಕ್ಷೆ ಬರೆದರು. ಪರಮಾಣುಗಳು ಒಂದಕ್ಕೊಂದು ತಾಗದೆ ಯಾವ ಯಾವ ಕೋನಗಳಲ್ಲಿ ಇರಬಲ್ಲವು ಎಂದು ಅದು ತೋರಿಸುತ್ತದೆ. ರಾಮಚಂದ್ರನ್ ಆಮೇಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಮಾಲಿಕ್ಯುಲರ್ ಬಯೋಫಿಸಿಕ್ಸ್ ಘಟಕವನ್ನು ಕಟ್ಟಿದರು. ಆ ನಕ್ಷೆಗೆ ಇಂದು ಅವರದೇ ಹೆಸರಿದೆ.

ಈಗ ಅದೇ ನಕ್ಷೆಯ ಪ್ರತಿ ಬಿಂದುವಿನಲ್ಲೂ ಒಂದು ಶಕ್ತಿಯ ಬೆಲೆ ಇಟ್ಟುಕೊಳ್ಳಿ. ಫೈ, ಸೈ ಕೊಟ್ಟರೆ ಶಕ್ತಿ ಎಷ್ಟು ಎಂದು ಹೇಳುವ ಫಲನ ಸಿಗುತ್ತದೆ. ಅದು ಎರಡು ಚರಗಳ ಆವರ್ತಕ ಫಲನ. ಯಾಕೆಂದರೆ ಮೈನಸ್ 180 ಡಿಗ್ರಿ ಮತ್ತು ಪ್ಲಸ್ 180 ಡಿಗ್ರಿ ಒಂದೇ ಜಾಗ. ಎಡದ ಅಂಚು ಬಲದ ಅಂಚಿಗೆ, ಮೇಲಿನ ಅಂಚು ಕೆಳಗಿನ ಅಂಚಿಗೆ ಅಂಟಿಕೊಂಡಿದೆ. ನಾವು ಕೆಲಸ ಮಾಡುತ್ತಿರುವ ನೆಲ ಚೌಕದ ಹಾಳೆಯಲ್ಲ, ಉದ್ದಿನ ವಡೆಯ ಮೇಲ್ಮೈ.

ತೊಂದರೆ ಏನೆಂದರೆ, ಒಂದೊಂದು ಬಿಂದುವಿನ ಶಕ್ತಿಯನ್ನು ಕ್ವಾಂಟಮ್ ರಸಾಯನಶಾಸ್ತ್ರದಿಂದ ಲೆಕ್ಕ ಹಾಕುವುದು ದುಬಾರಿ. ಅಣುವಿನ ಚಲನೆಯನ್ನು ಕಂಪ್ಯೂಟರ್‌ನಲ್ಲಿ ಅನುಕರಿಸುವ ಸಿಮ್ಯುಲೇಶನ್‌ಗೆ ಆ ಬೆಲೆ ಹೆಜ್ಜೆ ಹೆಜ್ಜೆಗೂ ಬೇಕು, ಲಕ್ಷಗಟ್ಟಲೆ ಸಲ ಬೇಕು. ಹಾಗಾಗಿ ಕೆಲವೇ ಬಿಂದುಗಳಲ್ಲಿ ಲೆಕ್ಕ ಹಾಕಿ, ನಡುವಿನದನ್ನು ಅಂದಾಜು ಮಾಡುತ್ತಾರೆ. ಚಾರ್ಮ್ ಎಂಬ ಪ್ರಸಿದ್ಧ ಫೋರ್ಸ್ ಫೀಲ್ಡ್‌ನಲ್ಲಿ (ಅಣುವಿನ ಶಕ್ತಿ ಲೆಕ್ಕ ಹಾಕುವ ಸೂತ್ರಗಳ ಕಟ್ಟು) 2004ರ ಹೊತ್ತಿಗೆ ಸೇರಿದ ಸಿಮ್ಯಾಪ್ ಎಂಬ ತಿದ್ದುಪಡಿ ಹೀಗೇ ಕೆಲಸ ಮಾಡುತ್ತದೆ. 15 ಡಿಗ್ರಿಗೊಂದು ಬಿಂದು, 24 × 24 ಗ್ರಿಡ್, ಒಟ್ಟು 576 ಬೆಲೆಗಳ ಕೋಷ್ಟಕ. ನಡುವಿನ ಜಾಗಕ್ಕೆ ಅಲ್ಲಿ ಬೈಕ್ಯೂಬಿಕ್ ಇಂಟರ್‌ಪೊಲೇಶನ್, ಅಂದರೆ ಎರಡೂ ದಿಕ್ಕಿನಲ್ಲಿ ಮೂರನೇ ಘಾತದ ಬಹುಪದ, ಬಳಸುತ್ತಾರೆ. ಅದೇ ಅಳತೆಯ ಗ್ರಿಡ್ ತೆಗೆದುಕೊಂಡು ಕ್ವಾಸಿ-ಇಂಟರ್‌ಪೊಲೇಶನ್ ಮಾಡುವುದು ಹೇಗೆ ಅಂತ ಇಲ್ಲಿ ನೋಡೋಣ. ಕಾಗದ ಪೆನ್ನು ಸಾಕು. ಪ್ರೋಗ್ರಾಂ ಬರೆಯಲು ಬಂದರೆ ಇನ್ನೂ ಒಳ್ಳೆಯದು.

ಬಿಡುವ ಹಟ, ಬಿಡದ ಹಟ

ಇಂಟರ್‌ಪೊಲೇಶನ್‌ಗೆ ಒಂದು ಹಟವಿದೆ. ಗ್ರಿಡ್ ಬಿಂದುವಿನಲ್ಲಿ ಕೊಟ್ಟ ಬೆಲೆಯನ್ನು ಚೂರೂ ಬದಲಿಸದೆ ವಾಪಸ್ ಕೊಡಬೇಕು. ತುಂಡು ತುಂಡು ಬಹುಪದಗಳನ್ನು ನಯವಾಗಿ ಜೋಡಿಸಿ ಮಾಡುವ ಸ್ಪ್ಲೈನ್‌ಗಳಲ್ಲಿ ಈ ಹಟ ಪೂರೈಸಲು ಎಲ್ಲ ಬಿಂದುಗಳನ್ನೂ ಒಟ್ಟಿಗೆ ಸೇರಿಸಿ ಸಮೀಕರಣಗಳ ವ್ಯವಸ್ಥೆಯನ್ನು ಬಿಡಿಸಬೇಕು. ಎಲ್ಲೋ ಒಂದು ಬೆಲೆ ಬದಲಾದರೆ ಅದರ ಪರಿಣಾಮ ವಡೆಯ ಸುತ್ತಲೂ ಹರಡುತ್ತದೆ.

ಕ್ವಾಸಿ-ಇಂಟರ್‌ಪೊಲೇಶನ್ ಈ ಹಟವನ್ನು ಬಿಡುತ್ತದೆ. ಗ್ರಿಡ್ ಬಿಂದುವಿನಲ್ಲಿ ಉತ್ತರ ಒಂಚೂರು ಆಚೀಚೆ ಆದರೂ ಪರವಾಗಿಲ್ಲ. ಆದರೆ ಇನ್ನೊಂದನ್ನು ಬಿಡುವುದಿಲ್ಲ: ಬೆಲೆಗಳು ಮೂರನೇ ಘಾತದವರೆಗಿನ ಬಹುಪದದಿಂದ ಬಂದಿದ್ದರೆ, ಉತ್ತರ ಆ ಬಹುಪದವೇ ಆಗಿರಬೇಕು. ನಯವಾದ ಯಾವ ಫಲನವೂ ಸಣ್ಣ ಜಾಗದಲ್ಲಿ ಬಹುಪದದಂತೆಯೇ ಕಾಣುತ್ತದೆ. ಹಾಗಾಗಿ ಈ ಒಂದು ಗುಣ ಇದ್ದರೆ ದೋಷ ಗ್ರಿಡ್ ಅಂತರದ ನಾಲ್ಕನೇ ಘಾತದಂತೆ ಇಳಿಯುತ್ತದೆ. ಅಂತರ ಅರ್ಧ ಮಾಡಿದರೆ ದೋಷ ಸುಮಾರು ಹದಿನಾರನೇ ಒಂದು ಪಾಲು.

ಬಹುಪದಗಳು ಸುತ್ತಿ ಬರುವುದಿಲ್ಲವಲ್ಲ, ಆವರ್ತಕ ಫಲನಕ್ಕೆ ಅವುಗಳಿಂದ ಏನು ಉಪಯೋಗ ಎಂದು ಕೇಳಬಹುದು. ವಿಧಾನವೆಲ್ಲ ಸ್ಥಳೀಯ. ಒಂದು ಬಿಂದುವಿನ ಉತ್ತರಕ್ಕೆ ಅಕ್ಕಪಕ್ಕದ ಕೆಲವು ಬೆಲೆಗಳು ಮಾತ್ರ ಬೇಕು, ಆ ಸಣ್ಣ ಕಿಟಕಿಗೆ ಸುತ್ತು ಕಾಣುವುದೇ ಇಲ್ಲ. ಆವರ್ತಕ ಲೋಕದ ಭಾಷೆಯಲ್ಲಿ ಹೇಳುವುದಾದರೆ, ನಿಧಾನವಾಗಿ ಏರಿಳಿಯುವ ಅಲೆಗಳು ಬಹುಮಟ್ಟಿಗೆ ಹಾಳಾಗದೆ ದಾಟಬೇಕು. ಎಷ್ಟು ದಾಟುತ್ತವೆ ಎಂದು ಮುಂದೆ ಅಂಕಿಗಳಲ್ಲೇ ನೋಡಬಹುದು.

ಸಮ ಅಂತರದ ದತ್ತಾಂಶಕ್ಕೆ ಬಿ-ಸ್ಪ್ಲೈನ್ ಬಳಸುವ ದಾರಿಯನ್ನು ಐ.ಜೆ. ಶೋನ್‌ಬರ್ಗ್ 1946ರಲ್ಲೇ ಹಾಕಿಕೊಟ್ಟರು. ಕಾರ್ಲ್ ಡಿ ಬೋರ್ ಮತ್ತು ಜಾರ್ಜ್ ಫಿಕ್ಸ್ 1973ರಲ್ಲಿ ಕ್ವಾಸಿ-ಇಂಟರ್‌ಪೊಲೇಶನ್ ಹೆಸರಿನಲ್ಲೇ ಸ್ಪ್ಲೈನ್ ಅಂದಾಜಿನ ಪ್ರಬಂಧ ಬರೆದರು. ಇಲ್ಲಿ ಬಳಸುವುದು ಆ ಕುಟುಂಬದ ಅತ್ಯಂತ ಸರಳ ಸದಸ್ಯ, ಕ್ಯೂಬಿಕ್ ಬಿ-ಸ್ಪ್ಲೈನ್.

ಹೆಜ್ಜೆ 1: ಗ್ರಿಡ್ ಹಾಕಿ

ಮೈನಸ್ 180ರಿಂದ ಶುರು ಮಾಡಿ, 15 ಡಿಗ್ರಿಗೊಂದು ಬಿಂದು. ಬಿಂದುಗಳಿಗೆ 0ಯಿಂದ 23ರವರೆಗೆ ಸಂಖ್ಯೆ ಕೊಡಿ. ಕೊನೆಯ ಬಿಂದು 165 ಡಿಗ್ರಿ. ಪ್ಲಸ್ 180 ಅನ್ನು ಸೇರಿಸಬೇಡಿ. ಅದು 0ನೇ ಬಿಂದುವೇ. ಸೇರಿಸಿದರೆ ಒಂದೇ ಜಾಗಕ್ಕೆ ಎರಡು ಬೆಲೆ ಆಗುತ್ತದೆ, ಸುತ್ತು ಕೂಡುವ ಜಾಗದಲ್ಲಿ ಒಂದು ಗೀರು ಕಾಣಿಸಿಕೊಳ್ಳುತ್ತದೆ.

ಎಡಕ್ಕೆ ಹೋಗಿ ಮೈನಸ್ 1ನೇ ಬಿಂದು ಬೇಕಾದರೆ ಅದು 23. ಬಲಕ್ಕೆ 24 ಬೇಕಾದರೆ ಅದು 0. ಪ್ರೋಗ್ರಾಂ ಬರೆಯುವವರು ಇಲ್ಲಿ ಸ್ವಲ್ಪ ನಿಲ್ಲಿ. ಪೈಥಾನ್‌ನಲ್ಲಿ ಮೈನಸ್ 1 ಅನ್ನು 24ರಿಂದ ಭಾಗಿಸಿದ ಶೇಷ 23 ಬರುತ್ತದೆ. ಸಿ ಭಾಷೆಯಲ್ಲಿ ಮೈನಸ್ 1 ಬರುತ್ತದೆ. ಅಲ್ಲಿ ಮೊದಲು 24 ಕೂಡಿಸಿ, ಆಮೇಲೆ ಶೇಷ ತೆಗೆಯಿರಿ.

ಹೆಜ್ಜೆ 2: ಬೆಲೆಗಳನ್ನು ತಿದ್ದಿ ಗುಣಾಂಕ ಮಾಡಿ

ಈ ವಿಧಾನದ ಜೀವ ಇರುವುದು ಇಲ್ಲಿ. ಕ್ಯೂಬಿಕ್ ಬಿ-ಸ್ಪ್ಲೈನ್ ಒಂದು ಸಣ್ಣ ಗುಡ್ಡದ ಆಕಾರದ ಫಲನ. ತನ್ನ ನಡುವಿನ ಬಿಂದುವಿನಲ್ಲಿ ಅದರ ಎತ್ತರ 4/6, ಎರಡು ಪಕ್ಕದ ಬಿಂದುಗಳಲ್ಲಿ 1/6, ಅದರಾಚೆಯ ಗ್ರಿಡ್ ಬಿಂದುಗಳಲ್ಲಿ ಸೊನ್ನೆ. ಪ್ರತಿ ಗ್ರಿಡ್ ಬಿಂದುವಿನಲ್ಲಿ ಒಂದು ಗುಡ್ಡ ನಿಲ್ಲಿಸಿ, ಅದನ್ನು ಅಲ್ಲಿಯ ಬೆಲೆಯಿಂದ ಗುಣಿಸಿ, ಎಲ್ಲವನ್ನೂ ಕೂಡಿದರೆ ಒಂದು ನಯವಾದ ಮೇಲ್ಮೈ ಸಿಗುತ್ತದೆ. ಆದರೆ ಅದು ಸರಾಸರಿ ಮಾಡಿದ ಹಾಗೆ. ಶಿಖರಗಳು ತಗ್ಗುತ್ತವೆ, ಕಣಿವೆಗಳು ತುಂಬಿಕೊಳ್ಳುತ್ತವೆ. ದೋಷ ಅಂತರದ ಎರಡನೇ ಘಾತದಂತೆ ಮಾತ್ರ ಇಳಿಯುತ್ತದೆ.

ಆದ್ದರಿಂದ ಬೆಲೆಯನ್ನು ಸುಮ್ನೆ ಹಾಗೇ ಬಳಸದೆ, ಗುಡ್ಡಗಳು ಎಷ್ಟು ಮೊಂಡು ಮಾಡುತ್ತವೋ ಅಷ್ಟು ಮೊದಲೇ ಚೂಪು ಮಾಡಿಟ್ಟುಕೊಳ್ಳಬೇಕು:

ಗುಣಾಂಕ = (8 × ಇಲ್ಲಿಯ ಬೆಲೆ − ಹಿಂದಿನ ಬೆಲೆ − ಮುಂದಿನ ಬೆಲೆ) ÷ 6

ಇಷ್ಟೇ. ಬಿಡಿಸಬೇಕಾದ ಸಮೀಕರಣ ಇಲ್ಲ. ಮೂರು ಸಂಖ್ಯೆಗಳ ಲೆಕ್ಕ, ಅದರಿಂದ ಎರಡನೇ ಘಾತ ನಾಲ್ಕನೇ ಘಾತ ಆಗುತ್ತದೆ. ಇಡೀ ವಿಷಯದಲ್ಲಿ ನನಗೆ ತುಂಬಾ ಇಷ್ಟವಾದ ಭಾಗ ಇದೇ.

ಎರಡು ಚರಗಳಿಗೆ ಇದನ್ನು ಎರಡು ಸಲ ಮಾಡಿ. ಮೊದಲು ಕೋಷ್ಟಕದ ಪ್ರತಿ ಸಾಲಿನ ಉದ್ದಕ್ಕೆ, ಆಮೇಲೆ ಬಂದ ಉತ್ತರದ ಪ್ರತಿ ಕಂಬದ ಉದ್ದಕ್ಕೆ. ಯಾವುದನ್ನು ಮೊದಲು ಮಾಡಿದರೂ ಫಲಿತಾಂಶ ಒಂದೇ. ಒಂದೇ ಏಟಿಗೆ ಮಾಡುವುದಾದರೆ ನಡುವಿನ ಬೆಲೆಗೆ 64/36, ನಾಲ್ಕು ಪಕ್ಕದವಕ್ಕೆ −8/36, ನಾಲ್ಕು ಮೂಲೆಯವಕ್ಕೆ 1/36 ತೂಕ. ಎಲ್ಲ ಕೂಡಿದರೆ 1 ಬರಬೇಕು: 64 − 32 + 4 = 36. ಬಂತಲ್ಲ. ಈ ಗುಣಾಂಕಗಳನ್ನು ಒಂದು ಸಲ ಮಾಡಿಟ್ಟುಕೊಂಡರೆ ಸಾಕು.

ಹೆಜ್ಜೆ 3: ಬೇಕಾದ ಬಿಂದುವಿನಲ್ಲಿ ಬೆಲೆ ತೆಗೆಯಿರಿ

ಉದಾಹರಣೆಗೆ ಆಲ್ಫಾ ಹೆಲಿಕ್ಸ್ (ಪ್ರೋಟೀನ್ ಸರಪಳಿಯ ಸುರುಳಿ ಆಕಾರ) ಇರುವ ಪ್ರದೇಶದಲ್ಲಿ ಒಂದು ಬಿಂದು ತೆಗೆದುಕೊಳ್ಳೋಣ: ಫೈ = −66, ಸೈ = −42.

ಫೈಗೆ: (−66 + 180) ÷ 15 = 7.6. ಅಂದರೆ 7ನೇ ಬಿಂದು ದಾಟಿ 0.6 ಭಾಗ ಮುಂದೆ. ಸೈಗೆ: (−42 + 180) ÷ 15 = 9.2. ಅಂದರೆ 9ನೇ ಬಿಂದು ದಾಟಿ 0.2 ಭಾಗ.

ಈ ಭಾಗವನ್ನು ಟ ಎಂದು ಕರೆದರೆ, ಸುತ್ತಲಿನ ನಾಲ್ಕು ಬಿಂದುಗಳ ತೂಕ ಕ್ರಮವಾಗಿ ಹೀಗೆ:

(1 − ಟ)³ ÷ 6
(3ಟ³ − 6ಟ² + 4) ÷ 6
(−3ಟ³ + 3ಟ² + 3ಟ + 1) ÷ 6
ಟ³ ÷ 6

ಟ = 0.6 ಇಟ್ಟರೆ 0.0107, 0.4147, 0.5387, 0.0360. ಇವು 6, 7, 8, 9ನೇ ಬಿಂದುಗಳಿಗೆ, ಅಂದರೆ −90, −75, −60, −45 ಡಿಗ್ರಿಗೆ ಸೇರಿದವು. ಟ = 0.2 ಇಟ್ಟರೆ 0.0853, 0.6307, 0.2827, 0.0013. ಇವು ಸೈ ದಿಕ್ಕಿನ 8ರಿಂದ 11ನೇ ಬಿಂದುಗಳಿಗೆ, ಅಂದರೆ −60, −45, −30, −15ಕ್ಕೆ. ನಾಲ್ಕು ತೂಕಗಳ ಮೊತ್ತ ಯಾವಾಗಲೂ 1. ಬರದಿದ್ದರೆ ಎಲ್ಲೋ ಚಿಹ್ನೆ ತಪ್ಪಿದೆ.

ಈಗ 4 × 4 = 16 ಗುಣಾಂಕಗಳನ್ನು ತೆಗೆದುಕೊಳ್ಳಿ. ಪ್ರತಿಯೊಂದನ್ನೂ ಅದರ ಫೈ ತೂಕ ಮತ್ತು ಸೈ ತೂಕದಿಂದ ಗುಣಿಸಿ, ಎಲ್ಲ ಕೂಡಿ. ಅದೇ ಉತ್ತರ. ಸಿಮ್ಯುಲೇಶನ್‌ಗೆ ಶಕ್ತಿಯ ಜೊತೆ ಬಲವೂ ಬೇಕು. ಅದಕ್ಕೆ ಮೇಲಿನ ತೂಕಗಳನ್ನು ಟ ಮೇಲೆ ಅವಕಲನ ಮಾಡಿ, 15 ಡಿಗ್ರಿಯ ಅಂತರದಿಂದ ಭಾಗಿಸಿದರೆ ಆಯಿತು, ಕೊನೆಗೆ ಚಿಹ್ನೆ ತಿರುಗಿಸಿ. ಕ್ಯೂಬಿಕ್ ಬಿ-ಸ್ಪ್ಲೈನ್‌ನ ಎರಡನೇ ಅವಕಲನವೂ ಮುರಿಯದೆ ಸಾಗುತ್ತದೆ. ಹಾಗಾಗಿ ಒಂದು ಚೌಕದಿಂದ ಇನ್ನೊಂದಕ್ಕೆ ದಾಟುವಾಗ ಬಲ ಜಿಗಿಯುವುದಿಲ್ಲ. ನಿಖರತೆ ಮಾತ್ರ ಒಂದು ಘಾತ ಕಡಿಮೆ.

ಹೆಜ್ಜೆ 4: ಅಲೆ ಕೊಟ್ಟು ಪರೀಕ್ಷಿಸಿ

ನಿಜವಾದ ದತ್ತಾಂಶ ಹಾಕುವ ಮೊದಲು ಉತ್ತರ ಗೊತ್ತಿರುವ ಫಲನ ಹಾಕಿ ನೋಡಿ. ಇದನ್ನು ಬಿಟ್ಟು ಮುಂದೆ ಹೋಗಲೇಬೇಡಿ. ಮೊದಲು ಎಲ್ಲ ಬೆಲೆಯೂ 1. ಎಲ್ಲ ಕಡೆ 1 ಬರಬೇಕು. ಆಮೇಲೆ ಕೊಸೈನ್ ಅಲೆ.

ಕೊಸೈನ್‌ನ ಚೆಲುವೇನೆಂದರೆ, ದೋಷ ಎಷ್ಟು ಬರುತ್ತದೆಂದು ಮೊದಲೇ ಬರೆದಿಡಬಹುದು. ಒಂದು ಗ್ರಿಡ್ ಅಂತರದಲ್ಲಿ ಅಲೆ ಎಷ್ಟು ಡಿಗ್ರಿ ಮುಂದೆ ಹೋಗುತ್ತದೆ ಎಂದು ನೋಡಿ. ಆ ಡಿಗ್ರಿಯ ಕೊಸೈನ್ ಅನ್ನು 1ರಿಂದ ಕಳೆಯಿರಿ. ವರ್ಗ ಮಾಡಿ, 9ರಿಂದ ಭಾಗಿಸಿ. ಗ್ರಿಡ್ ಬಿಂದುಗಳಲ್ಲಿ ಅಲೆ ಅಷ್ಟು ಪಾಲು ಕುಗ್ಗುತ್ತದೆ. ಅಂದಾಜಲ್ಲ, ಸರಿಯಾಗಿ ಅಷ್ಟೇ. ತಿದ್ದದೆ ಬಳಸಿದ್ದರೆ ವರ್ಗ ಮಾಡದೆ 3ರಿಂದ ಭಾಗಿಸಿದಷ್ಟು ಕುಗ್ಗುತ್ತಿತ್ತು.

ನಮ್ಮ 24ರ ಗ್ರಿಡ್‌ನಲ್ಲಿ ಒಂದು ಸುತ್ತಿನಲ್ಲಿ ಒಂದೇ ಸಲ ಏರಿಳಿಯುವ ಅಲೆ ಅಂತರಕ್ಕೆ 15 ಡಿಗ್ರಿ ಹೋಗುತ್ತದೆ. ಕುಗ್ಗುವುದು ಶೇ. 0.013. ತಿದ್ದದಿದ್ದರೆ ಶೇ. 1.1. ಸುತ್ತಿಗೆ ಎರಡು ಸಲದ ಅಲೆಗೆ ಶೇ. 0.2. ಮೂರು ಸಲದ ಅಲೆಗೆ ಶೇ. 0.95, ತಿದ್ದದಿದ್ದರೆ ಶೇ. 9.8. ಆರು ಸಲದ ಅಲೆಗೆ ಶೇ. 11.

ಮೂರು ಸಲದ ಅಲೆ ಇಲ್ಲಿ ಮುಖ್ಯ. ಒಂಟಿ ಬಂಧದ ಸುತ್ತ ಈಥೇನ್ ಅಣು ತಿರುಗುವಾಗ ಸುತ್ತಿಗೆ ಮೂರು ಸಲ ತಡೆ ಎದುರಾಗುತ್ತದೆ. ಆ ತಡೆಯ ಎತ್ತರ ಮೋಲ್‌ಗೆ ಸುಮಾರು 3 ಕಿಲೊಕ್ಯಾಲರಿ. ಅಲೆಯ ಎತ್ತರ ಅದರ ಅರ್ಧ, 1.5. ಶೇ. 0.95 ಅಂದರೆ 0.014 ಕಿಲೊಕ್ಯಾಲರಿ. ಕೋಣೆಯ ತಾಪದಲ್ಲಿ ಉಷ್ಣ ಶಕ್ತಿಯ ಅಳತೆಯೇ ಮೋಲ್‌ಗೆ ಸುಮಾರು 0.6 ಕಿಲೊಕ್ಯಾಲರಿ. ಅದರ ಮುಂದೆ ಈ ದೋಷ ಏನೂ ಅಲ್ಲ. ತಿದ್ದದೆ ಬಿಟ್ಟಿದ್ದರೆ 0.15 ಆಗುತ್ತಿತ್ತು, ಅದು ಲೆಕ್ಕಕ್ಕೆ ಬರುವ ಮೊತ್ತ. 15 ಡಿಗ್ರಿ ಸಾಕೇ ಎಂಬ ಪ್ರಶ್ನೆಗೆ ಉತ್ತರ ಹೀಗೆ ಸಿಗಬೇಕು. ನಿಮ್ಮ ಫಲನದಲ್ಲಿ ಯಾವ ಅಲೆಗಳು ದೊಡ್ಡವು ಎಂದು ತಿಳಿದುಕೊಂಡರೆ ಗ್ರಿಡ್ ಎಷ್ಟು ದಟ್ಟ ಇರಬೇಕೆಂದು ಗೊತ್ತಾಗುತ್ತದೆ. ಸುಮ್ನೆ ಜಾಸ್ತಿ ಬಿಂದು ಹಾಕುವುದು ಉತ್ತರವಲ್ಲ.

ಎರಡು ಬಿಂದುಗಳ ನಟ್ಟನಡುವೆ ದೋಷ ಇನ್ನೂ ಸ್ವಲ್ಪ ಜಾಸ್ತಿ: ಮೂರು ಸಲದ ಅಲೆಗೆ ಶೇ. 0.95 ಬದಲು ಶೇ. 1.07. ಗ್ರಿಡ್ ಬಿಂದುಗಳಲ್ಲಿ ಮಾತ್ರ ಪರೀಕ್ಷಿಸಿ ನಿಲ್ಲಿಸಬೇಡಿ. ಆಮೇಲೆ 48 ಬಿಂದು ಹಾಕಿ ಮತ್ತೆ ನೋಡಿ. ದೋಷ 15ರಿಂದ 16 ಪಟ್ಟು ಇಳಿದಿದ್ದರೆ ಪ್ರೋಗ್ರಾಂ ಸರಿಯಿದೆ. ನಾಲ್ಕೇ ಪಟ್ಟು ಇಳಿದರೆ ಹೆಜ್ಜೆ 2 ತಪ್ಪಿದೆ. ಎರಡು ಪಟ್ಟಿಗಿಂತ ಕಡಿಮೆ ಇಳಿದರೆ ಸುತ್ತು ಕೂಡುವ ಜಾಗ ನೋಡಿ.

ಬೆಲೆಗಳಲ್ಲಿ ಗದ್ದಲ ಇದ್ದರೆ

ಲೆಕ್ಕದಿಂದ ಬಂದ ಬೆಲೆಗಳಲ್ಲೂ ಸಣ್ಣಪುಟ್ಟ ತಪ್ಪು ಇರುತ್ತದೆ. ನಮ್ಮ ವಿಧಾನ ಅದನ್ನು ಎಷ್ಟು ದೊಡ್ಡದು ಮಾಡುತ್ತದೆ? ಒಂದು ಚರಕ್ಕೆ, ಗ್ರಿಡ್ ಬಿಂದುವಿನಲ್ಲಿ ಬರುವ ಉತ್ತರಕ್ಕೆ ಐದು ಬೆಲೆಗಳ ತೂಕ −1, 4, 30, 4, −1, ಎಲ್ಲವನ್ನೂ 36ರಿಂದ ಭಾಗಿಸಿ. ಚಿಹ್ನೆ ಬಿಟ್ಟು ಕೂಡಿದರೆ 40/36, ಅಂದರೆ 1.11. ನಟ್ಟನಡುವೆ ಇದೇ ಲೆಕ್ಕ ಹಾಕಿದರೆ 1.22. ಎರಡು ಚರಕ್ಕೆ 1.49, ನಾಲ್ಕು ಚರಕ್ಕೆ 2.23. ಅತಿ ಕೆಟ್ಟ ಸಂದರ್ಭದಲ್ಲೂ ಇಷ್ಟೇ. ಒಂದು ಬೆಲೆ ಪೂರ್ತಿ ಕೆಟ್ಟಿದ್ದರೂ ಅದರ ಪರಿಣಾಮ ಎರಡೂ ಕಡೆ ಮೂರು ಅಂತರ, ಅಂದರೆ 45 ಡಿಗ್ರಿ ದಾಟುವುದಿಲ್ಲ. ಆ ಬೆಲೆ ತಿದ್ದಿದರೆ ಅಷ್ಟೇ ಜಾಗದ ಲೆಕ್ಕ ಮತ್ತೆ ಮಾಡಿದರೆ ಸಾಕು.

ಇನ್ನೊಂದು ಸಂದರ್ಭ ಇದೆ. ಸಿಮ್ಯುಲೇಶನ್‌ನಿಂದ ಅಣು ಯಾವ ಕೋನಗಳಲ್ಲಿ ಎಷ್ಟು ಹೊತ್ತು ಇತ್ತು ಎಂದು ಎಣಿಸಿ ಹಿಸ್ಟೋಗ್ರಾಂ ಮಾಡಿದ್ದೀರಿ ಎಂದುಕೊಳ್ಳಿ. ಆಗ ನಿಮ್ಮ ಕೈಯಲ್ಲಿರುವುದು ಬಿಂದುವಿನ ಬೆಲೆಯಲ್ಲ, 15 ಡಿಗ್ರಿ ಅಗಲದ ಡಬ್ಬದ ಸರಾಸರಿ. ಇದಕ್ಕೆ ಕಾಂಟರೊವಿಚ್ ಮಾದರಿ ಎನ್ನುತ್ತಾರೆ. ಡಬ್ಬವೇ ಒಂದಿಷ್ಟು ಮೊಂಡು ಮಾಡಿರುವುದರಿಂದ ಚೂಪು ಮಾಡುವ ತೂಕವೂ ಬದಲಾಗಬೇಕು. −1, 8, −1 ಭಾಗಿಸು 6ರ ಬದಲು −5, 34, −5 ಭಾಗಿಸು 24 ಬಳಸಿ. ನಾಲ್ಕನೇ ಘಾತ ಉಳಿಯುತ್ತದೆ. ಫಲನದಲ್ಲೇ ಜಿಗಿತಗಳಿದ್ದಾಗಲೂ ಸರಾಸರಿಯೇ ಸುರಕ್ಷಿತ. ಒಂದೇ ಬಿಂದುವಿನ ಬೆಲೆಯನ್ನು ಅಲ್ಲಿ ನಂಬುವ ಹಾಗಿಲ್ಲ.

ಸಂಭವನೀಯತೆಯಂತಹ, ಸೊನ್ನೆಗಿಂತ ಕೆಳಗೆ ಹೋಗಬಾರದ ಫಲನಕ್ಕೆ ಒಂದು ಎಚ್ಚರಿಕೆ. ತೂಕಗಳಲ್ಲಿ ಮೈನಸ್ ಇರುವುದರಿಂದ ಖಾಲಿ ಪ್ರದೇಶದ ಅಂಚಿನಲ್ಲಿ ಉತ್ತರ ಸೊನ್ನೆಗಿಂತ ಕೆಳಗಿಳಿಯಬಹುದು. ಅಲ್ಲಿ ಮಾತ್ರ ತಿದ್ದದ ಬೆಲೆಯನ್ನೇ ಬಳಸಿ, ನಿಖರತೆ ಕಡಿಮೆ ಆದರೂ ಚಿಹ್ನೆ ಉಳಿಯುತ್ತದೆ.

ಹಾಗಾದರೆ ಇಂಟರ್‌ಪೊಲೇಶನ್ ಯಾವಾಗ? ಫಲನ ಬಹಳ ನಯವಾಗಿದ್ದು, ಗ್ರಿಡ್ ಪೂರ್ತಿ ತುಂಬಿದ್ದು, ಗದ್ದಲ ಇಲ್ಲದಿದ್ದರೆ ಫಾಸ್ಟ್ ಫೂರಿಯರ್ ಟ್ರಾನ್ಸ್‌ಫಾರ್ಮ್ ಬಳಸಿ ತ್ರಿಕೋನಮಿತೀಯ ಇಂಟರ್‌ಪೊಲೇಶನ್ ಮಾಡಿ. ಅದರ ದೋಷ ಯಾವುದೇ ಸ್ಥಿರ ಘಾತಕ್ಕಿಂತ ವೇಗವಾಗಿ ಇಳಿಯುತ್ತದೆ. ಸ್ಥಳೀಯತೆ, ಅಗ್ಗದ ಮೌಲ್ಯಮಾಪನ, ಗದ್ದಲ ತಡೆಯುವ ಶಕ್ತಿ ಬೇಕಾದಾಗ ನಾನು ಕ್ವಾಸಿ-ಇಂಟರ್‌ಪೊಲೇಶನ್ ಕಡೆಗೇ ನಿಲ್ಲುತ್ತೇನೆ.

ಮೂರನೇ, ನಾಲ್ಕನೇ ಕೋನ ಬಂದಾಗ

ಅಮೈನೊ ಆಮ್ಲದ ಪಕ್ಕದ ಸರಪಳಿಯೂ ತಿರುಗುತ್ತದೆ. ಅಲ್ಲಿಯ ಒಂದೆರಡು ಕೋನ ಸೇರಿಸಿದರೆ ಚರಗಳು ನಾಲ್ಕಾಗುತ್ತವೆ. ಹೆಜ್ಜೆಗಳು ಬದಲಾಗುವುದಿಲ್ಲ. ಪ್ರತಿ ದಿಕ್ಕಿನಲ್ಲೂ ತಿದ್ದು, ಪ್ರತಿ ದಿಕ್ಕಿನಲ್ಲೂ ನಾಲ್ಕು ತೂಕ, ಒಟ್ಟು 256 ಗುಣಾಂಕಗಳ ಮೊತ್ತ. ಕಂಪ್ಯೂಟರ್‌ಗೆ ಅದೇನೂ ಕಷ್ಟವಲ್ಲ. ಕಷ್ಟ ಇರುವುದು ಗ್ರಿಡ್‌ನಲ್ಲಿ. 24 × 24 = 576. ಮೂರು ಕೋನಕ್ಕೆ 13,824. ನಾಲ್ಕಕ್ಕೆ 3,31,776. ಅಷ್ಟು ಸಲ ಕ್ವಾಂಟಮ್ ಲೆಕ್ಕ ಮಾಡುವವರು ಯಾರು?

ದಾರಿ ತೋರಿಸಿದ್ದು ಸೋವಿಯತ್ ಗಣಿತಜ್ಞ ಸೆರ್ಗೆಯ್ ಸ್ಮೊಲ್ಯಾಕ್. ಅದೂ 1963ರಲ್ಲೇ, ರಾಮಚಂದ್ರನ್ ನಕ್ಷೆ ಬಂದ ವರ್ಷವೇ. ಎಲ್ಲ ದಿಕ್ಕಿನಲ್ಲೂ ಒಟ್ಟಿಗೆ ದಟ್ಟವಾದ ಗ್ರಿಡ್ ಬೇಡ ಎಂಬುದು ಅವರ ವಿಚಾರ. ಒಂದು ದಿಕ್ಕು ದಟ್ಟವಾದರೆ ಉಳಿದವು ವಿರಳವಾಗಲಿ. ಮಾಡುವುದು ಹೀಗೆ:

ಪ್ರತಿ ದಿಕ್ಕಿಗೂ ಮಟ್ಟಗಳನ್ನು ಇಡಿ. 0ನೇ ಮಟ್ಟದಲ್ಲಿ 1 ಬಿಂದು, 1ನೇ ಮಟ್ಟದಲ್ಲಿ 2, ಮುಂದೆ 4, 8, 16. ಹಿಂದಿನ ಮಟ್ಟದ ಬಿಂದುಗಳು ಮುಂದಿನದರಲ್ಲಿ ಉಳಿದೇ ಇರುತ್ತವೆ. ಒಂದು ಮಟ್ಟದ ಉತ್ತರದಿಂದ ಹಿಂದಿನ ಮಟ್ಟದ ಉತ್ತರ ಕಳೆದರೆ ಆ ಮಟ್ಟ ಹೊಸದಾಗಿ ಏನು ಸೇರಿಸಿತು ಎಂಬುದು ಸಿಗುತ್ತದೆ. ನಾಲ್ಕೂ ದಿಕ್ಕಿನ ಈ ವ್ಯತ್ಯಾಸಗಳನ್ನು ಗುಣಿಸಿ ಸೇರಿಸಿ, ಆದರೆ ಮಟ್ಟಗಳ ಮೊತ್ತ ಒಂದು ಮಿತಿ ದಾಟದವುಗಳನ್ನು ಮಾತ್ರ. ಮಿತಿ 8 ಇಟ್ಟರೆ ನಾಲ್ಕು ಚರಕ್ಕೆ ಬೇಕಾಗುವುದು 10,496 ಬಿಂದು. ಅದೇ ದಟ್ಟಣೆಯ ಪೂರ್ಣ ಗ್ರಿಡ್ 256ರ ನಾಲ್ಕನೇ ಘಾತ, ಅಂದರೆ ಸುಮಾರು 429 ಕೋಟಿ. ತೀರಾ ವಿರಳ ಮಟ್ಟಗಳಲ್ಲಿ ಗುಡ್ಡಗಳು ಸುತ್ತು ಹೊಡೆದು ತಮ್ಮ ಮೇಲೇ ಬೀಳುತ್ತವೆ. ಸೂಚ್ಯಂಕದ ಶೇಷ ಸರಿಯಾಗಿ ತೆಗೆದಿದ್ದರೆ ಅದರಿಂದ ತೊಂದರೆ ಇಲ್ಲ.

ಉಳಿತಾಯ ದೊಡ್ಡದು, ಷರತ್ತೂ ಇದೆ. ಫಲನ ಒಂದೊಂದು ದಿಕ್ಕಿನಲ್ಲಿ ನಯವಾಗಿದ್ದರೆ ಸಾಲದು, ಎಲ್ಲ ದಿಕ್ಕುಗಳನ್ನು ಬೆರೆಸಿದ ಅವಕಲನಗಳೂ ಹತೋಟಿಯಲ್ಲಿರಬೇಕು. ಅಲೆಗಳ ಮಾತಿನಲ್ಲಿ, ದಿಕ್ಕುಗಳ ಆವೃತ್ತಿಗಳ ಗುಣಲಬ್ಧ ಸಣ್ಣದಿರುವ ಅಲೆಗಳನ್ನು ಈ ಗ್ರಿಡ್ ಚೆನ್ನಾಗಿ ಹಿಡಿಯುತ್ತದೆ. ಫೈ ದಿಕ್ಕಿನಲ್ಲಿ 10, ಸೈ ದಿಕ್ಕಿನಲ್ಲಿ 1 ಆದರೆ ಸುಲಭ. ಎರಡರಲ್ಲೂ 10 ಆದರೆ ಗುಣಲಬ್ಧ 100, ಅದು ಜಾರಿ ಹೋಗುತ್ತದೆ. ಎರಡು ಕೋನಗಳು ಒಟ್ಟಿಗೆ ತಿರುಗಿದಾಗಲೇ ಶಕ್ತಿ ಜೋರಾಗಿ ಏರಿಳಿಯುವ ಅಣುಗಳಲ್ಲಿ ಇಂಥ ಓರೆ ಅಲೆಗಳು ಬರುತ್ತವೆ.

ಆಗ ಗ್ರಿಡ್ ದಟ್ಟ ಮಾಡುವ ಮೊದಲು ಚರಗಳನ್ನು ಬದಲಿಸಿ ನೋಡಿ. ಫೈ ಮತ್ತು ಸೈ ಬದಲು ಫೈ + ಸೈ ಮತ್ತು ಸೈ ತೆಗೆದುಕೊಳ್ಳಿ. ಆ ಓರೆ ಅಲೆ ಈಗ ಒಂದೇ ದಿಕ್ಕಿನ ಅಲೆ ಆಗುತ್ತದೆ. ಆದರೆ ಸುತ್ತು ಕೆಡದಂತೆ ಬದಲಿಸಬೇಕು. ಬದಲಾವಣೆಯ ಮ್ಯಾಟ್ರಿಕ್ಸ್‌ನಲ್ಲಿ ಪೂರ್ಣಾಂಕಗಳೇ ಇರಬೇಕು, ಅದರ ನಿರ್ಧಾರಕ (ಡಿಟರ್ಮಿನೆಂಟ್) 1 ಅಥವಾ −1 ಆಗಿರಬೇಕು. ಫೈ + ಸೈ ಮತ್ತು ಸೈ ಜೋಡಿಗೆ ಅದು 1, ಸರಿಯಾಗಿದೆ. ಫೈ + ಸೈ ಮತ್ತು ಫೈ − ಸೈ ಜೋಡಿ ನೋಡಲು ಚೆನ್ನಾಗಿದ್ದರೂ ಅದರ ನಿರ್ಧಾರಕ −2. ಅದರಲ್ಲಿ ಫಲನದ ಎರಡು ಬೇರೆ ಬೇರೆ ಬಿಂದುಗಳು ಒಂದೇ ಹೊಸ ಬಿಂದುವಿನ ಮೇಲೆ ಬಂದು ಕೂರುತ್ತವೆ. ಅವೆರಡರ ಶಕ್ತಿ ಬೇರೆ ಇದ್ದರೆ ಯಾವ ಬೆಲೆ ಇಡುವುದೆಂದು ಗ್ರಿಡ್‌ಗೆ ಗೊತ್ತಾಗುವುದಿಲ್ಲ.